ಕೊಟೇಶನ್ ಹಾಕೋಕೆ ನಾಲ್ಕು ವರ್ಷ ತಳ್ಳಿದ ಮೆಷರಿಂಗ್ ವೀಲ್

ಬೆಂಗಳೂರಿನಲ್ಲಿ ಗಾರ್ಡನ್ ಕೆಲಸ ಗುತ್ತಿಗೆ ಹಿಡಿದು ಮಾಡಿಸುತ್ತೇನೆ. 30-40 ಸೈಟಿನ ಮನೆ ಮುಂದಿನ ತುಂಡು ಲಾನ್‌ನಿಂದ ಕನಕಪುರ ರಸ್ತೆ ಕಡೆಯ ಫಾರ್ಮ್‌ಹೌಸ್‌ವರೆಗೆ ಎಲ್ಲವೂ ಬರುತ್ತವೆ. ಮೊದಲು ಹೆಜ್ಜೆ ಹಾಕಿ ಅಂದಾಜು ಮಾಡುತ್ತಿದ್ದೆ. ದೊಡ್ಡ ಜಾಗ ಆದರೆ 30 ಮೀಟರ್ ಟೇಪ್. ಅದರ ಇನ್ನೊಂದು ತುದಿ ಹಿಡಿಯೋಕೆ ಒಬ್ಬ ಹುಡುಗ ಬೇಕು, ಅವನಿಗೆ ಅರ್ಧ ದಿನದ ಕೂಲಿ. ಇಷ್ಟಾದ ಮೇಲೂ ಕೆಲಸ ನಮಗೇ ಸಿಗುತ್ತದೆ ಅಂತ ಏನಿಲ್ಲ. ಕೊನೆಗೆ ಎಸ್.ಪಿ. ರೋಡಿಗೆ ಹೋಗಿ ಈ ವೀಲ್ ತಂದೆ. 2,000 ಚಿಲ್ಲರೆ ಕೊಟ್ಟ ನೆನಪು. ಕೋಲಿನ ತುದಿಗೆ ಚಕ್ರ, ಪಕ್ಕದಲ್ಲಿ ಅಂಕಿ ಓಡುವ ಕೌಂಟರ್. ಚಕ್ರದ ಸುತ್ತಳತೆ 1 ಮೀಟರ್, ಒಂದು ಸುತ್ತು ಉರುಳಿದರೆ ಒಂದು ಮೀಟರ್. ಅಷ್ಟೇ ಅದರ ವಿದ್ಯೆ. ಬ್ಯಾಟರಿ ಕೂಡ ಇಲ್ಲ.

ಇದು ದುಡ್ಡು ಉಳಿಸಿದ್ದು ಸೊಟ್ಟ ಅಂಚುಗಳಲ್ಲಿ. ಈಗಿನ ಡಿಸೈನರ್‌ಗಳಿಗೆ ನೇರ ಗೆರೆ ಅಂದರೆ ಆಗಲ್ಲ, ಹಾವು ಹರಿದ ಹಾಗೆ ಗಿಡ ನೆಡುವ ಬೆಡ್ ಬರೆದುಕೊಡುತ್ತಾರೆ. ಅಲ್ಲಿ ಟೇಪ್ ಹಿಡಿದು ಒದ್ದಾಡಬೇಕು. ಚಕ್ರವನ್ನು ಸುಮ್ನೆ ಸುಣ್ಣದ ಗೆರೆ ಮೇಲೆ ಓಡಿಸಿದರೆ ಆಯಿತು. 25 ಮೀಟರ್ ಬಂತು ಅನ್ನಿ, ಅಂದರೆ 82 ಅಡಿ. ಹೆಡ್ಜ್‌ಗೆ, ಅಂದರೆ ಗಿಡದ ಬೇಲಿಗೆ, ಡುರಾಂಟಾ ಗಿಡವನ್ನು 9 ಇಂಚಿಗೊಂದರಂತೆ ನೆಟ್ಟರೆ ಸಾಲಿಗೆ 109 ಗಿಡ, ಎರಡು ಸಾಲಿಗೆ 218. ಸಾಯುವ ಲೆಕ್ಕಕ್ಕೆ ಇನ್ನೊಂದಷ್ಟು. ಮೊದಲೆಲ್ಲ 'ಹೆಡ್ಜ್ ಒಟ್ಟು ಇಷ್ಟು' ಅಂತ ಬರೆದುಕೊಟ್ಟು, ಗಿಡ ಸಾಲದೆ ಕೈಯಿಂದ ಹಾಕಿದ್ದೇ ಜಾಸ್ತಿ. ಈಗ ರನ್ನಿಂಗ್ ಫೀಟ್ (ಅಂಚಿನುದ್ದಕ್ಕೂ ಅಡಿ ಲೆಕ್ಕ) ಎಷ್ಟು, ಗಿಡ ಎಷ್ಟು ಅಂತ ಬಿಡಿಸಿ ಬರೆಯುತ್ತೇನೆ. ಓನರ್ ಎದುರಿಗೇ ಚಕ್ರ ಓಡಿರುತ್ತದಲ್ಲ, ಅಳತೆ ಬಗ್ಗೆ ತಕರಾರು ಬರಲ್ಲ. ರೇಟಿಗೆ ಬರುತ್ತದೆ, ಅದು ಬೇರೆ ಮಾತು.

ಇನ್ನು ಪೆಟ್ಟು ತಿಂದ ಕಥೆ. ಎರಡನೇ ವರ್ಷದ ಜುಲೈ, ಹಿಂದಿನ ರಾತ್ರಿ ಮಳೆ. ಒಂದು ಫಾರ್ಮ್‌ಹೌಸಿನಲ್ಲಿ ಲಾನ್‌ಗೆ ಅಳತೆ ತೆಗೆದೆ. ಕೆಂಪು ಮಣ್ಣು ಚಕ್ರದ ರಬ್ಬರಿಗೆ ಚಪ್ಪಲಿಗೆ ಅಂಟುವ ಹಾಗೆ ಅಂಟುತ್ತಾ ಹೋಗಿದೆ, ನಾನು ನೋಡಲೇ ಇಲ್ಲ. ಮಣ್ಣು ಸುತ್ತಲೂ ಅರ್ಧ ಸೆಂಟಿಮೀಟರ್ ದಪ್ಪ ಕೂತರೆ ಸುತ್ತಳತೆ 3 ಸೆಂಟಿಮೀಟರ್ ಹೆಚ್ಚುತ್ತದೆ. ಚಕ್ರ ಜಾಸ್ತಿ ದೂರ ಹೋಗುತ್ತದೆ, ಕೌಂಟರ್ ಕಡಿಮೆ ತೋರಿಸುತ್ತದೆ. 100 ಅಡಿ ಇದ್ದದ್ದು 97 ಅಂತ ಬಂತು. ಉದ್ದದಲ್ಲೂ ಅಷ್ಟೇ, ಅಗಲದಲ್ಲೂ ಅಷ್ಟೇ. 10,000 ಚದರಡಿ ಜಾಗಕ್ಕೆ 9,409 ಅಂತ ಕೊಟೇಶನ್ ಹೋಯಿತು, ಅದೂ ಒಟ್ಟು ಮೊತ್ತಕ್ಕೆ ಒಪ್ಪಿಕೊಂಡು. ಮೆಕ್ಸಿಕನ್ ಕಾರ್ಪೆಟ್ ಹುಲ್ಲು ಹಾಸುತ್ತಾ ಬಂದು ಕೊನೆಯ ಮೂಲೆಯಲ್ಲಿ ನೆಲ ಉಳಿದಾಗ ತಲೆ ತಿರುಗಿತು. ಸುಮಾರು 600 ಚದರಡಿ ಹುಲ್ಲು, ಅದರ ಕೆಳಗಿನ ಮಣ್ಣು, ಗೊಬ್ಬರ, ಕೂಲಿ ಎಲ್ಲ ನನ್ನ ಜೇಬಿನಿಂದ. ಅವತ್ತಿನಿಂದ ಒಂದು ಚೂಪು ಕಡ್ಡಿ ಕೋಲಿಗೇ ಕಟ್ಟಿಟ್ಟಿದ್ದೇನೆ, ಮಣ್ಣು ಕೆರೆಯೋಕೆ. ಮಳೆಗಾಲದಲ್ಲಿ ಒಂದು ಬದಿಯನ್ನಾದರೂ ಟೇಪಿನಲ್ಲಿ ತಾಳೆ ನೋಡುತ್ತೇನೆ.

ಉಬ್ಬುತಗ್ಗಿನ ಜಾಗದಲ್ಲಿ, ಅಡ್ಡಾದಿಡ್ಡಿ ನಡೆದರೆ ಉಲ್ಟಾ, ಅಳತೆ ಜಾಸ್ತಿ ಬರುತ್ತದೆ. ಇಳಿಜಾರಿನಲ್ಲೂ ಡ್ರಾಯಿಂಗ್‌ಗಿಂತ ಹೆಚ್ಚೇ ತೋರಿಸುತ್ತದೆ, ಆದರೆ ಹುಲ್ಲು ಹಾಸುವುದು ಇಳಿಜಾರಿನ ಮೇಲೇ ತಾನೆ, ಹಾಗಾಗಿ ಲಾನ್‌ಗೆ ಅದೇ ಸರಿ.

ಕೊಳ್ಳುವಾಗ ಗೊತ್ತಿಲ್ಲದ ಇನ್ನೊಂದು ಲಾಭ ಇದೆ. ಚಕ್ರ ಕೈಯಲ್ಲಿದ್ದರೆ ಜಾಗವನ್ನು ಪೂರ್ತಿ ಸುತ್ತಲೇಬೇಕು. ಗೇಟಿನಲ್ಲಿ ನಿಂತು ರೇಟ್ ಹೇಳುತ್ತಿದ್ದ ಕಾಲದಲ್ಲಿ ಹಿಂದಿನ ಗೋಡೆ ಪಕ್ಕ ಮೇಸ್ತ್ರಿ ಹೂತುಹೋದ ಸಿಮೆಂಟ್ ತುಂಡು, ಟೈಲ್ಸ್ ಚೂರು ನನಗೆ ಕಾಣುತ್ತಲೇ ಇರಲಿಲ್ಲ. ಈಗ ಚಕ್ರ ಎಗರಿದ ಕಡೆ ಕಾಲಿನಿಂದ ಕೆದಕಿ ನೋಡುತ್ತೇನೆ. ನಲ್ಲಿ ಎಲ್ಲಿದೆ, ಮಧ್ಯಾಹ್ನದ ನೆರಳು ಎಲ್ಲಿಗೆ ಬರುತ್ತದೆ, ಟಿಪ್ಪರ್ ಒಳಗೆ ಬರುತ್ತದಾ ಅಥವಾ ಮಣ್ಣನ್ನು ರಸ್ತೆಯಲ್ಲಿ ಸುರಿದು ಬಾಂಡ್ಲಿಯಲ್ಲಿ ಹೊರಿಸಬೇಕಾ, ಎಲ್ಲ ಗೊತ್ತಾಗುತ್ತದೆ. ಬಾಂಡ್ಲಿ ಕೂಲಿ ಸೇರಿಸದ ಕೊಟೇಶನ್ ನನ್ನನ್ನು ಎಷ್ಟೋ ಸಲ ಮುಳುಗಿಸಿದೆ.

ಸರ್ಕಾರಿ ಪಾರ್ಕ್ ಟೆಂಡರಿಗೆ ಅಷ್ಟು ಉಪಯೋಗ ಇಲ್ಲ. ಅಲ್ಲಿ ಪ್ರಮಾಣ ಅವರೇ ಕೊಟ್ಟಿರುತ್ತಾರೆ, ನಾವು ರೇಟ್ ತುಂಬಬೇಕು. ಆದರೂ ಒಂದು ಸುತ್ತು ಓಡಿಸಿ ನೋಡಿದರೆ ನೆಮ್ಮದಿ.

ಬಾಳಿಕೆ ಪರವಾಗಿಲ್ಲ. ಮೂರನೇ ವರ್ಷ ರಬ್ಬರ್ ಪಟ್ಟಿ ಬಿಟ್ಟುಕೊಂಡಿತ್ತು, ಅಂಟು ಹಾಕಿದೆ. ಮಡಚುವ ಜಾಗದಲ್ಲಿ ಕೋಲು ಈಗ ಲಡಲಡ ಅನ್ನುತ್ತದೆ. ಕೌಂಟರ್ ಮಾತ್ರ ಒಂದು ದಿನವೂ ಕೈಕೊಟ್ಟಿಲ್ಲ.

ಬರೀ ಮನೆ ಮುಂದಿನ ಚಿಕ್ಕ ಕೆಲಸ ಮಾಡುವವರಿಗೆ ಇದು ಬೇಡ, ಟೇಪ್ ಸಾಕು. ಕೊಳ್ಳುವುದಾದರೆ ದೊಡ್ಡ ಚಕ್ರದ್ದೇ ನೋಡಿ, ಚಿಕ್ಕದು ಜಲ್ಲಿ ಮೇಲೆ ಕುಣಿಯುತ್ತದೆ. ಅಂಗಡಿ ಮುಂದೆಯೇ 10 ಮೀಟರ್ ಟೇಪ್ ಹಾಸಿ ಪಕ್ಕದಲ್ಲಿ ಒಮ್ಮೆ ಓಡಿಸಿ ನೋಡಿ. ಅಂಗಡಿಯವರು ಮುಖ ಗಂಟಿಕ್ಕುತ್ತಾರೆ, ಇರಲಿ ಬಿಡಿ.