ಝೂಲಿಪ್: ಪ್ರತಿ ಮಾತಿಗೂ ವಿಷಯ ಕೇಳುವ ಚಾಟ್

ತಾಂತ್ರಿಕ ತೊಂದರೆಯ ಚರ್ಚೆ ಮತ್ತು ಹರಟೆ ಬೇರೆ ಬೇರೆ ವೇಳೆಯಲ್ಲಿ ನಡೆಯುತ್ತವೆ ಎಂದು ಐಟಿ ತಂಡದ ಹೊರಗಿರುವವರು ಭಾವಿಸಬಹುದು. ಒಳಗಿರುವವರಿಗೆ ಅವೆರಡೂ ಒಂದೇ ಉಸಿರಿನಲ್ಲಿ ಬರುತ್ತವೆ ಎಂಬುದು ಗೊತ್ತಿದೆ. ಸರ್ವರ್‌ನ ಡಿಸ್ಕ್ ತುಂಬಿದೆ ಎಂದು ಒಬ್ಬರು ಬರೆಯುತ್ತಾರೆ, ಹಳೆಯ ಲಾಗ್ ಫೈಲುಗಳನ್ನು ಅಳಿಸಿ ಎಂದು ಎರಡನೆಯವರು ಹೇಳುತ್ತಾರೆ, ಬ್ಯಾಕಪ್ ಇದೆಯೇ ಎಂದು ಮಾತ್ರ ಯಾರೂ ಕೇಳಬೇಡಿ, ಸುಮ್ಮನೆ ಎಲ್ಲರ ಮನಸ್ಸಿಗೂ ನೋವಾಗುತ್ತದೆ ಎಂದು ಮೂರನೆಯವರು ಕಾಲೆಳೆಯುತ್ತಾರೆ. ನಿಜವಾದ ಉತ್ತರ ಬರುವುದು ನಾಲ್ಕನೆಯವರಿಂದ: ಅಳಿಸಿದ ಫೈಲನ್ನು ಯಾವುದೋ ಪ್ರೊಸೆಸ್ ಇನ್ನೂ ತೆರೆದಿಟ್ಟುಕೊಂಡಿದೆ, ಆದ್ದರಿಂದಲೇ ಡಿಸ್ಕ್‌ನಲ್ಲಿ ಉಳಿದ ಜಾಗ ತೋರಿಸುವ ಡಿಎಫ್ ಆದೇಶ ಡಿಸ್ಕ್ ತುಂಬಿದೆ ಎನ್ನುತ್ತಿದ್ದರೂ ಫೈಲುಗಳ ಗಾತ್ರ ಕೂಡಿಸಿ ಹೇಳುವ ಡಿಯು ಆದೇಶ ಅಷ್ಟು ಫೈಲುಗಳೇ ಇಲ್ಲ ಎನ್ನುತ್ತಿದೆ, ಆ ಪ್ರೊಸೆಸ್ ಅನ್ನು ಮರುಪ್ರಾರಂಭಿಸಿದರೆ ಜಾಗ ಮರಳುತ್ತದೆ. ಕೆಲವು ತಿಂಗಳ ನಂತರ ಅದೇ ತೊಂದರೆ ಮತ್ತೊಮ್ಮೆ ಬಂದಾಗ ಬೇಕಾಗುವುದು ಈ ನಾಲ್ಕನೆಯ ಸಂದೇಶ. ಹುಡುಕಿದಾಗ ಸಿಗುವುದು ಬಹುತೇಕ ಮೂರನೆಯದು.

ಈ ತೊಡಕನ್ನೇ ಗುರಿಯಾಗಿಸಿಕೊಂಡು ರೂಪಿಸಿದ ಚಾಟ್ ತಂತ್ರಾಂಶ ಝೂಲಿಪ್. 2012ರಲ್ಲಿ ಆರಂಭವಾದ ಇದನ್ನು 2014ರಲ್ಲಿ ಡ್ರಾಪ್‌ಬಾಕ್ಸ್ ಸಂಸ್ಥೆ ಕೊಂಡುಕೊಂಡಿತು, 2015ರಲ್ಲಿ ಇದರ ಮೂಲ ಸಂಕೇತವನ್ನು ಅಪಾಚೆ 2.0 ಪರವಾನಗಿಯಡಿ ಎಲ್ಲರಿಗೂ ಮುಕ್ತಗೊಳಿಸಲಾಯಿತು. ಇದರ ಮೂಲಕಲ್ಪನೆ ಮಾತ್ರ ಇನ್ನೂ ಹಳೆಯದು. ಅಮೆರಿಕದ ಎಂಐಟಿಯ ಅಥೀನಾ ಯೋಜನೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಝೆಫಿರ್ ಎಂಬ ಸಂದೇಶ ವ್ಯವಸ್ಥೆಯಲ್ಲಿ ಪ್ರತಿ ಸಂದೇಶಕ್ಕೂ ಒಂದು ವರ್ಗ ಮತ್ತು ಅದರೊಳಗೆ ಒಂದು ಉಪವಿಷಯ ಇರುತ್ತಿತ್ತು. ಝೂಲಿಪ್ ಅದನ್ನೇ ಇಂದಿನ ಬ್ರೌಸರ್ ಮತ್ತು ಮೊಬೈಲ್‌ಗೆ ತಂದಿದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಬಳಸುವ ಚಾಟ್‌ಗಳು 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಐಆರ್‌ಸಿ ಎಂಬ ಹಳೆಯ ಅಂತರಜಾಲ ಚಾಟ್‌ನ ವಂಶಕ್ಕೆ ಸೇರಿದವು, ಅಂದರೆ ಒಂದು ಕೋಣೆ, ಅದರಲ್ಲಿ ಒಂದೇ ಹರಿವು, ಎಲ್ಲರ ಮಾತೂ ಅದರಲ್ಲೇ.

ಝೂಲಿಪ್‌ನಲ್ಲಿ ಚಾನೆಲ್ ಇರುತ್ತದೆ, ಚಾನೆಲ್‌ನೊಳಗೆ ವಿಷಯಗಳು ಇರುತ್ತವೆ, ಮತ್ತು ಹೊಸ ಮಾತು ಆರಂಭಿಸುವವರು ಅದರ ವಿಷಯವನ್ನು ಮಿಂಚಂಚೆಯ ತಲೆಬರಹದಂತೆ ಸಾಮಾನ್ಯವಾಗಿ ಮೊದಲೇ ಬರೆಯುತ್ತಾರೆ. ಸ್ಲ್ಯಾಕ್ ಎಂಬ ಜನಪ್ರಿಯ ಕಚೇರಿ ಚಾಟ್ 2017ರಲ್ಲಿ ಸೇರಿಸಿದ ಥ್ರೆಡ್‌ಗಳಿಗೂ ಇದಕ್ಕೂ ಮೇಲ್ನೋಟಕ್ಕೆ ಹೋಲಿಕೆ ಕಂಡರೂ ಬಳಕೆಯಲ್ಲಿ ಅಂತರ ದೊಡ್ಡದು. ಥ್ರೆಡ್ ಎಂಬುದು ಈಗಾಗಲೇ ಬಂದಿರುವ ಸಂದೇಶಕ್ಕೆ ಆಮೇಲೆ ಅಂಟುವ ಬಾಲ. ಯಾರಾದರೂ ಮರೆತು ಮುಖ್ಯ ಹರಿವಿನಲ್ಲೇ ಉತ್ತರಿಸಿದರೆ ಚರ್ಚೆ ಎರಡು ಕಡೆ ಹರಿದುಹೋಗುತ್ತದೆ, ಥ್ರೆಡ್‌ಗೆ ಹೆಸರೂ ಇರುವುದಿಲ್ಲ. ಝೂಲಿಪ್‌ನಲ್ಲಿ ವಿಷಯದ ಹೆಸರು ಎಡಬದಿಯ ಪಟ್ಟಿಯಲ್ಲಿ ಕಾಣುತ್ತದೆ, ತಪ್ಪಾದರೆ ಬದಲಿಸಬಹುದು, ದಾರಿ ತಪ್ಪಿದ ಸಂದೇಶಗಳನ್ನು ಮತ್ತೊಂದು ವಿಷಯಕ್ಕೋ ಮತ್ತೊಂದು ಚಾನೆಲ್‌ಗೋ ಸಾಗಿಸಬಹುದು. ರಜೆಯಿಂದ ಮರಳಿದವರು ನೂರಾರು ಸಂದೇಶಗಳನ್ನು ಕ್ರಮವಾಗಿ ಓದುವ ಶಿಕ್ಷೆ ಇಲ್ಲಿಲ್ಲ. ಇನ್‌ಬಾಕ್ಸ್ ನೋಟದಲ್ಲಿ ವಿಷಯಗಳ ಪಟ್ಟಿ ನೋಡಿ ತಮಗೆ ಬೇಡದ್ದನ್ನು ಓದಿದಂತೆ ಗುರುತು ಹಾಕಿ, ಎನ್ ಕೀಲಿಯನ್ನು ಒತ್ತುತ್ತಾ ಓದದಿರುವ ಒಂದು ವಿಷಯದಿಂದ ಮುಂದಿನದಕ್ಕೆ ಹೋಗಬಹುದು. ಕೀಲಿಮಣೆಯ ಮೇಲೆ ಇಷ್ಟು ಅವಲಂಬಿಸುವ ಚಾಟ್ ತಂತ್ರಾಂಶ ವಿರಳ, ಮತ್ತು ಮೌಸ್ ಮುಟ್ಟುವುದನ್ನೇ ಅವಮಾನವೆಂದು ಭಾವಿಸುವ ಸಹೋದ್ಯೋಗಿಗಳಿಗೆ ಇದೊಂದೇ ಸಾಕು.

ತೊಂದರೆ ಬಗೆಹರಿಸುವ ಕೆಲಸಕ್ಕೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಪಾಳಿ ಬದಲಾಗುವ ಹೊತ್ತಿನಲ್ಲಿ ನೋಡಬೇಕು. ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದು ಜಾಲತಾಣ ತೆರೆಯುತ್ತಿಲ್ಲ ಎಂಬ ವಿಷಯ ಒಂದು ಪಾಳಿಯಲ್ಲಿ ಆರಂಭವಾಗಿ ಇನ್ನೊಂದರಲ್ಲಿ ಮುಗಿದರೆ, ಹೊಸದಾಗಿ ಬಂದವರು ಯಾರನ್ನೂ ಕೇಳದೆ ಆ ಒಂದು ವಿಷಯವನ್ನು ಮೇಲಿನಿಂದ ಕೆಳಗೆ ಓದಿ ಕೆಲಸಕ್ಕೆ ಇಳಿಯಬಹುದು. ಮುಗಿದ ಮೇಲೆ ವಿಷಯವನ್ನು ಬಗೆಹರಿದದ್ದು ಎಂದು ಗುರುತಿಸಿದರೆ ಅದರ ಹೆಸರಿನ ಮುಂದೆ ಸರಿ ಚಿಹ್ನೆ ಬೀಳುತ್ತದೆ. ಇಷ್ಟು ಸಣ್ಣ ಸೌಲಭ್ಯ, ಆದರೆ ಅದು ಸರಿಹೋಯಿತಾ ಎಂದು ದಿನಕ್ಕೆ ಹತ್ತು ಸಲ ಕೇಳುವ ವ್ಯವಸ್ಥಾಪಕರನ್ನು ಇದರಷ್ಟು ನಯವಾಗಿ ಸುಮ್ಮನಾಗಿಸುವ ಇನ್ನೊಂದು ಉಪಾಯ ನನಗೆ ಕಂಡಿಲ್ಲ. ದೋಷದ ಸಂಖ್ಯೆಯನ್ನು ಬರೆದೊಡನೆ ಅದು ದೋಷ ದಾಖಲೆಯ ಪುಟಕ್ಕೆ ಕೊಂಡಿಯಾಗುವಂತೆ ನಿರ್ವಾಹಕರು ನಿಯಮ ಹೊಂದಿಸಬಹುದು. ವೇಳೆಯನ್ನು ವಿಶೇಷ ಗುರುತಿನೊಂದಿಗೆ ಬರೆದರೆ ಓದುವ ಪ್ರತಿಯೊಬ್ಬರಿಗೂ ಅವರವರ ಕಾಲವಲಯದಲ್ಲಿ ಕಾಣುತ್ತದೆ, ಹೀಗಾಗಿ ಇಂದು ರಾತ್ರಿ ಎಂದರೆ ಯಾರ ರಾತ್ರಿ ಎಂಬ ಜಗಳಕ್ಕೆ ಆಸ್ಪದವಿಲ್ಲ. ಕೋಡ್ ತುಣುಕುಗಳು ಭಾಷೆಗೆ ತಕ್ಕ ಬಣ್ಣಗಳೊಂದಿಗೆ ಮೂಡುತ್ತವೆ. ಜೆಂಕಿನ್ಸ್, ನಾಗಿಯೋಸ್, ಗಿಟ್‌ಹಬ್ ಮುಂತಾದ, ಕೋಡನ್ನೂ ಸರ್ವರ್‌ಗಳನ್ನೂ ನೋಡಿಕೊಳ್ಳುವ ಸಾಧನಗಳು ತಾವಾಗಿಯೇ ಕಳುಹಿಸುವ ಎಚ್ಚರಿಕೆಗಳು ತಮ್ಮದೇ ವಿಷಯಗಳಲ್ಲಿ ಬಂದು ಕೂರುವುದರಿಂದ, ಬಾಟ್‌ಗಳ ಗದ್ದಲದಲ್ಲಿ ಮನುಷ್ಯರ ಮಾತು ಮುಳುಗುವುದಿಲ್ಲ, ಮತ್ತು ಯಾವ ಎಚ್ಚರಿಕೆ ಸದಾ ಸುಳ್ಳು ಕೂಗುತ್ತದೆಯೋ ಆ ವಿಷಯವನ್ನಷ್ಟೇ ಮೌನಗೊಳಿಸಬಹುದು.

ಹರಟೆಯ ವಿಚಾರಕ್ಕೆ ಬಂದರೆ, ಹೆಸರಿಟ್ಟ ಕೂಡಲೇ ತಮಾಷೆ ಸಾಯುತ್ತದೆ ಎಂಬ ಆಕ್ಷೇಪ ಮೊದಲು ಕೇಳಿಬರುತ್ತದೆ, ಮತ್ತು ಅದರಲ್ಲಿ ಅರ್ಧ ಸತ್ಯವಿದೆ. ಹರಟೆ ಎಂಬ ಒಂದೇ ವಿಷಯ ತೆರೆದು ನಗುವುದನ್ನೆಲ್ಲ ಅಲ್ಲಿಗೆ ಕಳುಹಿಸಿದ ತಂಡದಲ್ಲಿ ಯಾರೂ ನಗುವುದಿಲ್ಲ, ಏಕೆಂದರೆ ನಮ್ಮ ವೃತ್ತಿಯ ಹಾಸ್ಯ ತೊಂದರೆಯ ಮೈಮೇಲೆಯೇ ಬೆಳೆಯುವಂಥದ್ದು. ಆದರೆ ಜನ ಬೇಗ ಮತ್ತೊಂದು ದಾರಿ ಹಿಡಿಯುತ್ತಾರೆ: ವಿಷಯದ ಹೆಸರೇ ತಮಾಷೆಯ ಅಂಗಳವಾಗುತ್ತದೆ. ಬೆಳಿಗ್ಗೆ 'ಲಾಗಿನ್ ಆಗುತ್ತಿಲ್ಲ' ಎಂದಿದ್ದ ವಿಷಯ ಮಧ್ಯಾಹ್ನ 'ಲಾಗಿನ್ ಆಗುತ್ತಿಲ್ಲ, ಖಂಡಿತ ಡಿಎನ್‌ಎಸ್ ಅಲ್ಲ' (ಡಿಎನ್‌ಎಸ್ ಎಂದರೆ ಜಾಲತಾಣದ ಹೆಸರಿನಿಂದ ಅದರ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಎಂದಾಗಿ ಸಂಜೆ 'ಡಿಎನ್‌ಎಸ್ಸೇ' ಎಂದಾಗಿದ್ದರೆ, ಅದು ಏಕಕಾಲಕ್ಕೆ ಹಾಸ್ಯವೂ ಹೌದು, ಮುಂದೆ ಹುಡುಕುವವರಿಗೆ ಉತ್ತರವೂ ಹೌದು. 'ನನ್ನ ಯಂತ್ರದಲ್ಲಿ ಸರಿಯಾಗಿದೆ' ಎಂಬ ಹೆಸರಿನ ವಿಷಯದಲ್ಲಿ ಲೈಬ್ರರಿ ಆವೃತ್ತಿಗಳ ವ್ಯತ್ಯಾಸದ ಬಗ್ಗೆ ಗಂಭೀರ ಚರ್ಚೆ ನಡೆದಿರುತ್ತದೆ. ಸಂದೇಶಕ್ಕೆ ಪ್ರತಿಕ್ರಿಯಿಸಲು ಮೊದಲಿಗೆ ಎದುರಾಗುವ ಎಮೋಜಿಗಳ ಸಾಲಿನಲ್ಲಿ ಹೆಬ್ಬೆರಳು, ಹೃದಯಗಳ ಜೊತೆಗೆ ಕೆಲಸ ನಡೆಯುತ್ತಿದೆ ಎಂಬುದನ್ನು ಸೂಚಿಸುವ ಸುತ್ತಿಗೆ-ಸ್ಪ್ಯಾನರ್ ಒಂದು, ಆಕ್ಟೋಪಸ್ ಒಂದು. ಸುತ್ತಿಗೆ ಒತ್ತಿದವರು ಕೆಲಸ ಹಿಡಿದರು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಆಕ್ಟೋಪಸ್ ಒತ್ತಿದರೆ ಏನೆಂದು ಪ್ರತಿ ತಂಡವೂ ತನ್ನದೇ ಅರ್ಥ ಕಟ್ಟಿಕೊಳ್ಳುತ್ತದೆ, ಹಾಗೆ ಕಟ್ಟಿಕೊಳ್ಳಲು ಬಿಟ್ಟಿರುವುದೇ ಒಳ್ಳೆಯದು.

ಹರಟೆಗೆ ನಿಜವಾದ ಅಪಾಯ ಇರುವುದು ಹೆಸರಿಡುವುದರಲ್ಲಲ್ಲ, ಸಾಗಿಸುವ ಅಧಿಕಾರದಲ್ಲಿ. ಪ್ರತಿ ತಂಡದಲ್ಲೂ ಒಬ್ಬರು ಅತಿ ಶಿಸ್ತಿನವರು ಇರುತ್ತಾರೆ; ಚರ್ಚೆಯ ನಡುವೆ ಎರಡು ಸಾಲು ನಗೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ, ಕೂಡಲೇ ಅವನ್ನು ಕಿತ್ತು ಬೇರೆ ವಿಷಯಕ್ಕೆ ಹಾಕುತ್ತಾರೆ. ಸಂದೇಶಗಳನ್ನು ಇಂಥವರು ಇಂಥಲ್ಲಿಗೆ ಸಾಗಿಸಿದರು ಎಂದು ಅಧಿಸೂಚನಾ ಬಾಟ್ ಸಾಮಾನ್ಯವಾಗಿ ಅಲ್ಲಿಯೇ ಪ್ರಕಟಣೆಯನ್ನೂ ಹೊರಡಿಸುವುದರಿಂದ, ನಗೆಮಾತು ಆಡಿದವರಿಗೆ ಶಾಲೆಯ ಬೆಂಚಿನ ಮೇಲೆ ನಿಲ್ಲಿಸಿದ ಅನುಭವವಾಗುತ್ತದೆ. ಈ ಅಧಿಕಾರ ಯಾರಿಗಿರಬೇಕು, ಎಷ್ಟು ಹೊತ್ತಿನವರೆಗೆ ಇರಬೇಕು ಎಂಬುದನ್ನು ಸಂಸ್ಥೆಯ ಸೆಟ್ಟಿಂಗ್‌ಗಳಲ್ಲಿ ನಿರ್ಧರಿಸಬಹುದು. ಅದನ್ನು ಕೆಲವೇ ಹಿರಿಯರಿಗೆ ಕೊಟ್ಟು, ಉದ್ದದ ಜಗಳ ದಾರಿ ತಪ್ಪಿದಾಗ ಮಾತ್ರ ಬಳಸುವುದು, ಎರಡು ಸಾಲಿನ ನಗೆಯನ್ನು ಇದ್ದಲ್ಲಿಯೇ ಬಿಡುವುದು ಸರಿಯಾದ ಮಾರ್ಗ ಎಂಬುದು ನನ್ನ ಅಭಿಪ್ರಾಯ. ವಿಷಯದಲ್ಲಿ ಮೂವತ್ತು ಸಂದೇಶಗಳಷ್ಟೇ ಇದ್ದರೆ ಅದರಲ್ಲಿ ಹತ್ತು ತಮಾಷೆಯಾದರೂ ಉತ್ತರ ಹುಡುಕಲು ಕಷ್ಟವಾಗುವುದಿಲ್ಲ.

ಕೊರತೆಗಳೂ ಇವೆ. ಹೆಸರಿಡುವ ಶ್ರಮ ಸಣ್ಣದಾದರೂ ನಿರಂತರ, ಮತ್ತು 'ಸಹಾಯ', 'ತುರ್ತು', 'ಪ್ರಶ್ನೆ' ಎಂಬ ಹೆಸರಿನ ವಿಷಯಗಳು ತುಂಬಿದ ಝೂಲಿಪ್ ಸಾಧಾರಣ ಚಾಟ್‌ಗಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಕ್ರಮವಿದೆ ಎಂಬ ಭ್ರಮೆ ಇರುತ್ತದೆ. ಒಂದೇ ಕೋಣೆಯಲ್ಲಿ ಕೂರುವ ನಾಲ್ಕು ಜನರ ತಂಡಕ್ಕೆ ಇದರ ಅಗತ್ಯವಿಲ್ಲ. ಧ್ವನಿ ಮತ್ತು ವಿಡಿಯೊ ಕರೆಗಳು ಇದರಲ್ಲಿ ಅಂತರ್ಗತವಾಗಿಲ್ಲ, ಜಿಟ್ಸಿ ಅಥವಾ ಝೂಮ್‌ನಂಥ ಸೇವೆಗಳ ಕೊಂಡಿಯ ಮೇಲೆ ಅವಲಂಬಿಸಬೇಕು. ಪರದೆಯಲ್ಲಿ ಮಾಹಿತಿ ಒತ್ತೊತ್ತಾಗಿ ಕಾಣುವುದರಿಂದ ಹೊಸಬರು ಮೊದಲ ವಾರ ಗೊಣಗುತ್ತಾರೆ. ಕನ್ನಡದಲ್ಲಿ ಬರೆಯುವ ತಂಡಗಳು ಇನ್ನೊಂದು ಸಂಗತಿ ತಿಳಿದಿರಬೇಕು: ಇದರ ಹುಡುಕಾಟ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ಇಂಗ್ಲಿಷ್ ನಿಘಂಟನ್ನು ಆಧರಿಸಿದೆ, ಹೀಗಾಗಿ ವಿಭಕ್ತಿ ಪ್ರತ್ಯಯ ಹೊತ್ತ ಕನ್ನಡ ಪದವನ್ನು ಮೂಲಪದದಿಂದ ಹುಡುಕಿದರೆ ಸಿಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಸ್ವಂತ ಸರ್ವರ್‌ನಲ್ಲಿ ನಡೆಸುವವರು ಎಲ್ಲ ಭಾಷೆಗಳಿಗೂ ಹೊಂದುವ ಪಿಗ್ರೂಂಗಾ ಎಂಬ ಐಚ್ಛಿಕ ವಿಸ್ತರಣೆಯನ್ನು ಸೇರಿಸಿಕೊಳ್ಳಬಹುದು. ಅಷ್ಟಾದರೂ ವಿಷಯದ ಹೆಸರನ್ನು ಸ್ಪಷ್ಟವಾಗಿ ಇಟ್ಟರೆ ಅರ್ಧ ಹುಡುಕಾಟ ಕಣ್ಣಿನಲ್ಲೇ ಮುಗಿಯುತ್ತದೆ.

ಎರಡು ಬಗೆಯಲ್ಲಿ ಇದನ್ನು ಬಳಸಬಹುದು. ಝೂಲಿಪ್‌ನವರೇ ನಡೆಸುವ ಮೋಡದ (ಕ್ಲೌಡ್) ಸೇವೆಯ ಉಚಿತ ಯೋಜನೆಯಲ್ಲಿ ಕೊನೆಯ 10,000 ಸಂದೇಶಗಳ ಇತಿಹಾಸ ಮಾತ್ರ ಸಿಗುತ್ತದೆ. ಹಳೆಯ ಉತ್ತರ ಸಿಗಲೆಂದೇ ಈ ತಂತ್ರಾಂಶವನ್ನು ಆರಿಸುವವರಿಗೆ ಈ ಮಿತಿ ಉದ್ದೇಶವನ್ನೇ ಸೋಲಿಸುತ್ತದೆ, ಆದ್ದರಿಂದ ಅದನ್ನು ಪರೀಕ್ಷೆಗಷ್ಟೇ ಬಳಸುವುದು ವಾಸಿ. ಸ್ವಂತ ಸರ್ವರ್‌ನಲ್ಲಿ ಸ್ಥಾಪಿಸಿದರೆ ಅಂಥ ಮಿತಿಯಿಲ್ಲ. ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇರುವ, 2 ಜಿಬಿ ಸ್ಮೃತಿಯುಳ್ಳ ಯಂತ್ರ ಸಣ್ಣ ತಂಡಕ್ಕೆ ಸಾಕಾಗುತ್ತದೆ. ಆದರೆ ಒಳಗೆ ಜ್ಯಾಂಗೊ, ಟೊರ್ನಾಡೊ, ಪೋಸ್ಟ್‌ಗ್ರೆಸ್, ರ್‍ಯಾಬಿಟ್‌ಎಂಕ್ಯೂ, ರೆಡಿಸ್, ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶಗಳೆಲ್ಲವೂ ಒಟ್ಟಿಗೆ ಓಡುತ್ತಿರುವುದರಿಂದ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು, ಮತ್ತು ಮೊಬೈಲ್‌ಗೆ ಹೋಗುವ ಪುಶ್ ಸೂಚನೆಗಳು ಹೇಗಿದ್ದರೂ ಝೂಲಿಪ್‌ನವರ ಸೇವೆಯ ಮೂಲಕವೇ ಸಾಗಬೇಕಾಗುತ್ತದೆ. ಖರೀದಿಗೋ ಸ್ಥಾಪನೆಗೋ ಮೊದಲು ಇದರ ನಡಿಗೆಯನ್ನು ನೋಡಬಯಸುವವರಿಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡಗಳು ಮತ್ತು ಗಣಿತದ ಸಾಬೀತುಗಳನ್ನು ಪರಿಶೀಲಿಸುವ ಲೀನ್ ಭಾಷೆಯ ಸಮುದಾಯ ನಡೆಸುವ ಝೂಲಿಪ್‌ಗಳು ಒಳ್ಳೆಯ ಮಾದರಿ. ಸ್ವಂತವಾಗಿ ಸ್ಥಾಪಿಸುವವರು ಉಳಿದ ಸೇವೆಗಳಿರುವ ಅದೇ ಯಂತ್ರದಲ್ಲಿ, ಅದೇ ಡಿಎನ್‌ಎಸ್‌ನ ನೆರಳಲ್ಲಿ ಇದನ್ನು ಇರಿಸದೆ ಪ್ರತ್ಯೇಕವಾಗಿ ಇರಿಸಬೇಕು. ಇಲ್ಲವಾದರೆ ಎಲ್ಲವೂ ನಿಂತ ದಿನ ಅದನ್ನು ಹೇಳಿಕೊಳ್ಳುವ ಚಾಟ್ ಕೂಡ ನಿಂತಿರುತ್ತದೆ, ಆಗ ತಂಡದವರೆಲ್ಲ ಪರಸ್ಪರ ಫೋನ್ ಸಂಖ್ಯೆಗಾಗಿ ತಡಕಾಡಬೇಕಾಗುತ್ತದೆ.