ಟಿಟಿಕಾಕಾ ದ್ವೀಪದ ಹೋಂಸ್ಟೇಗೆ 'ಬರ್ತ್‌ಡೇ ಪ್ಯಾಕೇಜ್' ಕೊಳ್ಳುವ ಮುಂಚೆ ಇದನ್ನು ಓದಿ

ಪೆರುವಿನ ಪುನೋ ಊರಲ್ಲಿ ಯಾವುದಾದರೂ ಟೂರ್ ಏಜೆನ್ಸಿಯವರು, ಅಮಂತಾನಿ ದ್ವೀಪದ ಹೋಂಸ್ಟೇಯಲ್ಲಿ ನಿಮ್ಮ ಹುಟ್ಟುಹಬ್ಬಕ್ಕೆ ಕೇಕು, ಕೆರೆ ಕಾಣುವ ರೂಮು, ಬಿಸಿನೀರು ಎಲ್ಲ ಸೇರಿಸಿ ಕೊಡ್ತೀವಿ ಅಂದರೆ ದುಡ್ಡು ಬಿಚ್ಚಬೇಡಿ. ಅದನ್ನು ಕೊಡಲಿಕ್ಕೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಲೀಮಾದಿಂದ ವಿಮಾನದಲ್ಲಿ ಬಂದಿಳಿದ ಮರುದಿನವೇ ದೋಣಿ ಹತ್ತಿ ಅಂದರಂತೂ ಕುರ್ಚಿಯಿಂದ ಎದ್ದು ಬನ್ನಿ. ನಮಗೆ ಹೇಳಿದ್ದು ಇವೆರಡನ್ನೂ. ಮೊದಲನೆಯದರಿಂದ ಹೋದದ್ದು ದುಡ್ಡು, ಎರಡನೆಯದರಿಂದ ಹೋಗಬಹುದಾಗಿದ್ದದ್ದು ನನ್ನ ಗೆಳತಿಯ ಜೀವ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಟಿಟಿಕಾಕಾ ಪೆರು ಮತ್ತು ಬೊಲಿವಿಯಾ ಎರಡಕ್ಕೂ ಸೇರಿದ ಸರೋವರ. ಅದರ ನೀರಿನ ಮಟ್ಟವೇ ಸಮುದ್ರಮಟ್ಟದಿಂದ 3,812 ಮೀಟರ್ ಎತ್ತರದಲ್ಲಿದೆ. ಪೆರುವಿನ ಕಡೆಯ ದಡದಲ್ಲಿ ಪುನೋ. ಅಲ್ಲಿಂದ ನಿಧಾನದ ದೋಣಿಯಲ್ಲಿ ಮೂರು ಗಂಟೆಗೂ ಮೀರಿ ಸಾಗಿದರೆ ಅಮಂತಾನಿ. ಕೆಚುವಾ ಮಾತಾಡುವ ರೈತರ ದ್ವೀಪ ಅದು. ಕಾರಿಲ್ಲ, ಬೈಕಿಲ್ಲ, ಉಳಿದುಕೊಳ್ಳುವುದೆಲ್ಲ ಊರಿನವರ ಮನೆಗಳಲ್ಲಿ. ಎರಡು ಗುಡ್ಡಗಳು, ಪಚತಾತಾ ಮತ್ತು ಪಚಮಾಮಾ, ತಲಾ ಒಂದೊಂದು ಹಳೆಯ ಗುಡಿ ಹೊತ್ತು ನಿಂತಿವೆ. ಉರೋಸ್, ಅಮಂತಾನಿ, ತಕೀಲೆ ಮೂರೂ ಕಡೆಯ ದ್ವೀಪಗಳನ್ನು ಸೇರಿಸಿ ಎರಡು ಹಗಲು, ಒಂದು ರಾತ್ರಿಯ ಟೂರು ಪುನೋದ ಹಿರೋನ್ ಲೀಮಾ ರಸ್ತೆಯುದ್ದಕ್ಕೂ ಮಾರಾಟಕ್ಕಿರುತ್ತದೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಸುತ್ತುವವರು ಯಾರೂ ಅದನ್ನು ಬಿಡುವುದಿಲ್ಲ. ಬಿಡಲೂಬಾರದು, ಜಾಗ ಅಷ್ಟು ಚೆನ್ನಾಗಿದೆ. ನನ್ನ ತಕರಾರು ದ್ವೀಪದ ಮೇಲಲ್ಲ.

ನಾವಿಬ್ಬರೂ ಲೀಮಾದಿಂದ ಹುಲಿಯಾಕಾಗೆ ಹಾರಿ, ಅಲ್ಲಿಂದ ವ್ಯಾನಿನಲ್ಲಿ ಪುನೋಗೆ ಬಂದೆವು. ಲೀಮಾ ಸಮುದ್ರದ ಪಕ್ಕದ ಊರು. ಹುಲಿಯಾಕಾ ವಿಮಾನ ನಿಲ್ದಾಣ 3,800 ಮೀಟರ್‌ಗೂ ಮೇಲೆ. ಒಂದೂವರೆ ಗಂಟೆಯ ಹಾರಾಟದಲ್ಲಿ ಅಷ್ಟು ಎತ್ತರ. ಅಲ್ಲಿನ ತೆಳು ಗಾಳಿಗೆ ಮೈ ಒಗ್ಗಲು ಸಮಯವೇ ಸಿಗುವುದಿಲ್ಲ. ಗೆಳತಿಗೆ ಸಂಜೆಯಿಂದಲೇ ತಲೆನೋವು. ಏಜೆನ್ಸಿಯ ಹುಡುಗನಿಗೆ ಇದನ್ನು ಬಿಡಿಸಿ ಹೇಳಿ, ನಾಡಿದ್ದು ಹೋಗಬಹುದಾ ಅಂತ ಕೇಳಿದೆ. ಅವನು ನನ್ನ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕ ನೋಡಿದ್ದೇ ಮುಖ ಅರಳಿಸಿ, "ನಾಳೆ ನಿಮ್ಮ ಹುಟ್ಟುಹಬ್ಬ! ನಾಳೆಯೇ ಹೋಗಿ" ಅಂದ. ತಲೆನೋವಿಗೆ ಕೋಕಾ ಎಲೆಯ ಚಹಾ ಸಾಕಂತೆ. ದೋಣಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದಂತೆ. ಬರ್ತ್‌ಡೇಗೆ ಬೇರೆ ದರ, ಅದರಲ್ಲಿ ಕೇಕು, ಸೋಲಾರ್ ಬಿಸಿನೀರಿರುವ ಮನೆ, ಹಾಡು, ಎಲ್ಲ. ಮನೆಯವರಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು ಅಂದ. ನಮ್ಮೆದುರಿಗೇ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿದ. ಯಾರ ಜೊತೆ ಅಂತ ಇವತ್ತಿಗೂ ನನಗೆ ಕುತೂಹಲವಿದೆ.

ಉರೋಸ್‌ನ ಹುಲ್ಲಿನ ದ್ವೀಪಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ತೊತೋರಾ ಹುಲ್ಲು ಕೆಳಗಿನಿಂದ ಕೊಳೆಯುತ್ತಾ ಹೋದ ಹಾಗೆ ಮೇಲೆ ಹೊಸ ಹುಲ್ಲು ಹಾಸುತ್ತಾ ಹೋಗುತ್ತಾರೆ, ಕಾಲಿಟ್ಟರೆ ಹಾಸಿಗೆಯ ಮೇಲೆ ನಡೆದಂತೆ ಕುಸಿಯುತ್ತದೆ. ಅಷ್ಟು ಸಾಕು.

ನಿಜವಾದ ವಿಷಯ ತಿಳಿದದ್ದು ಅಮಂತಾನಿಯ ದೋಣಿಕಟ್ಟೆಯಲ್ಲಿ. ಕಸೂತಿ ಹಾಕಿದ ಕಪ್ಪು ಶಾಲು ಹೊದ್ದ ಹೆಂಗಸರು ಸಾಲಾಗಿ ನಿಂತಿದ್ದರು. ಊರಿನ ಒಬ್ಬ ಹಿರಿಯ ಕೈಯಲ್ಲಿ ನೋಟ್‌ಬುಕ್ ಹಿಡಿದು ಒಂದೊಂದೇ ಹೆಸರು ಕೂಗುತ್ತಿದ್ದ. ಹೆಸರು ಬಂದಾಕೆ ಮುಂದೆ ಬರುತ್ತಾಳೆ, ಗೈಡ್ ಇಬ್ಬರನ್ನೋ ಮೂವರನ್ನೋ ಅವಳ ಜೊತೆ ಕಳಿಸುತ್ತಾನೆ. ಅಲ್ಲಿ ಅತಿಥಿಗಳನ್ನು ಮನೆಮನೆಗೆ ಸರದಿಯ ಮೇಲೆ ಹಂಚುತ್ತಾರೆ, ಒಬ್ಬರಿಗೇ ಎಲ್ಲ ವ್ಯಾಪಾರ ಹೋಗದಿರಲಿ ಅಂತ ಊರಿನವರೇ ಮಾಡಿಕೊಂಡ ಏರ್ಪಾಡು. ಒಳ್ಳೆಯ ಏರ್ಪಾಡೇ. ಆದರೆ ಅದರ ಅರ್ಥ ನೋಡಿ: ನೀವು ಯಾರ ಮನೆಗೆ ಹೋಗುತ್ತೀರಿ ಅನ್ನುವುದು ಕಟ್ಟೆಗೆ ಇಳಿಯುವವರೆಗೆ ಪುನೋದಲ್ಲಿ ಕೂತವನಿಗೆ ಗೊತ್ತಿರುವುದಿಲ್ಲ. ಹಾಗಿದ್ದ ಮೇಲೆ ಅವನು ಯಾವ ಮನೆಗೆ ಫೋನ್ ಮಾಡಿದ? ಯಾವ ಮನೆಯ ಬಿಸಿನೀರನ್ನು ನಮಗೆ ಮಾರಿದ?

ನಮ್ಮ ಪಾಲಿಗೆ ಬಂದಾಕೆ ನಡುವಯಸ್ಸಿನ ಹೆಂಗಸು. ಕಲ್ಲಿನ ಮೆಟ್ಟಿಲುಗಳನ್ನು ಆಕೆ ಕೈಯಲ್ಲಿ ನೂಲು ತಿರುಗಿಸುತ್ತಾ ಹತ್ತಿದಳು, ನಾವು ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಂತೆವು. ಮಣ್ಣಿನ ಇಟ್ಟಿಗೆಯ ಮನೆ, ನೀಲಿ ಬಾಗಿಲು, ಮೇಲೊಂದು ಸೋಲಾರ್ ಫಲಕ, ಅದರಿಂದ ಉರಿಯುವ ಒಂದೇ ಬಲ್ಬು. ಶೌಚಾಲಯ ಅಂಗಳದಾಚೆ. ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ: ಕಿನೋವಾ ಸೂಪು, ಬೇಯಿಸಿದ ಆಲೂಗಡ್ಡೆ, ಓಕಾ ಅನ್ನುವ ಹುಳಿಸಿಹಿ ಗೆಡ್ಡೆ, ಹುರಿದ ಗಿಣ್ಣು. ಊಟದ ನಂತರ ಮುನ್ಯಾ ಎಲೆಯ ಕಷಾಯ, ಪುದೀನಾದ ಘಾಟು ಅದಕ್ಕೆ. ಇಷ್ಟನ್ನೂ ಸೌದೆ ಒಲೆಯ ಮುಂದೆ ಕೂತು, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಆಕೆ ಮಾಡಿದಳು.

ಕೇಕಿನ ಮಾತು ತೆಗೆದವನು ನಾನಲ್ಲ, ಗೆಳತಿ. ಅರ್ಧಂಬರ್ಧ ಸ್ಪ್ಯಾನಿಷಿನಲ್ಲಿ ಕೇಳಿದಳು. ಮನೆಯಾಕೆಗೆ ಅರ್ಥವಾಗಲಿಲ್ಲ, ಶಾಲೆಗೆ ಹೋಗುವ ಮಗಳು ಕೆಚುವಾದಲ್ಲಿ ಹೇಳಿದಾಗ ಅರ್ಥವಾಯಿತು, ಮುಖ ಸಣ್ಣದಾಯಿತು. ಯಾರೂ ಏನೂ ಹೇಳಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ನಾವು ಎಷ್ಟು ಕೊಟ್ಟಿದ್ದೇವೆ ಅಂತ ಮಗಳು ಕೇಳಿದಳು. ಹೇಳಿದೆ. ಅವಳು ಅಮ್ಮನಿಗೆ ಅದನ್ನು ಹೇಳಲೇ ಇಲ್ಲ. ಆಮೇಲೆ ನನ್ನೊಬ್ಬನಿಗೆ ಹೇಳಿದಳು: ಒಂದು ರಾತ್ರಿಗೆ, ಮೂರು ಹೊತ್ತಿನ ಊಟ ಸೇರಿ, ಅವರಿಗೆ ಸಿಗುವುದು ನಾವು ತಲೆಗೆ ಕೊಟ್ಟದ್ದರಲ್ಲಿ ಕಾಲು ಭಾಗಕ್ಕೂ ಕಡಿಮೆ, ಅದೂ ಕೆಲವು ಏಜೆನ್ಸಿಗಳಿಂದ ವಾರಗಟ್ಟಲೆ ತಡವಾಗಿ.

ಸಂಜೆ ಪ್ರವಾಸಿಗರಿಗೆ ಊರಿನ ಉಡುಪು ತೊಡಿಸಿ ಸಭಾಂಗಣದಲ್ಲಿ ಕುಣಿಸುತ್ತಾರೆ. ನನಗೆ ಪೊಂಚೋ, ಗೆಳತಿಗೆ ಒಂದರ ಮೇಲೊಂದು ಲಂಗ. ಅವಳು ಎರಡು ಸುತ್ತು ಕುಣಿದು ಕೂತುಬಿಟ್ಟಳು. ಸೊಂಟದ ಪಟ್ಟಿ ಬಿಗಿಯಾಯಿತು ಅಂದಳು. ಪಟ್ಟಿ ಬಿಚ್ಚಿದರೂ ಉಸಿರು ಸರಿಯಾಗಲಿಲ್ಲ.

ಮಧ್ಯರಾತ್ರಿಯ ಹೊತ್ತಿಗೆ ವಾಂತಿ, ಮಲಗಿದರೆ ಏದುಸಿರು, ಕೂತರೆ ಸ್ವಲ್ಪ ವಾಸಿ, ಜೊತೆಗೆ ಒಣ ಕೆಮ್ಮು. ಸುಮ್ಮನೆ ಕೂತಾಗಲೂ ಉಸಿರು ಸಿಗದಿರುವುದು ಸಾಮಾನ್ಯ ತಲೆನೋವಿನ ಲೆಕ್ಕದ್ದಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತಿರುವ ಸೂಚನೆ ಇರಬಹುದು. ಬೆಟ್ಟ ಹತ್ತುವವರಿಗೆಲ್ಲ ಹೇಳಿಕೊಡುವ ಮೊದಲ ಪಾಠ, ಇಂಥ ಲಕ್ಷಣ ಕಂಡರೆ ತಕ್ಷಣ ಕೆಳಗಿಳಿಯಿರಿ ಅನ್ನುವುದು. ಇಲ್ಲಿ ಕೆಳಗೆ ಅಂದರೆ ಎಲ್ಲಿಗೆ? ಮನೆಯಿಂದ ಇಳಿದರೆ ಕೆರೆ, ಕೆರೆಯೇ 3,812 ಮೀಟರ್. ದೋಣಿ ಹತ್ತಿ ಪುನೋಗೆ ಹೋದರೂ ಅದೇ ಎತ್ತರ. ಈ ಜಾಗದ ಅಪಾಯ ಇದೇ. ಹಿಮಾಲಯದ ಚಾರಣದಲ್ಲಾದರೆ ರಾತ್ರಿಯೇ ಮುನ್ನೂರು ನಾನೂರು ಮೀಟರ್ ಇಳಿಸಿಬಿಡುತ್ತಾರೆ, ಇಲ್ಲಿ ಇಳಿಯಲು ನೆಲವೇ ಇಲ್ಲ.

ಉಳಿದದ್ದು ದೋಣಿಯ ಆಕ್ಸಿಜನ್. ಮನೆಯ ಅಳಿಯ ಟಾರ್ಚ್ ಹಿಡಿದು ನನ್ನನ್ನು ಕಟ್ಟೆಗೆ ಕರೆದುಕೊಂಡು ಹೋದ. ನೀರಿನ ಮೇಲಿಂದ ಬೀಸುವ ಗಾಳಿಗೆ ಕಿವಿ ಮರಗಟ್ಟಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ದೋಣಿಯವನನ್ನು ಎಬ್ಬಿಸಿದೆವು. ಸೀಟಿನ ಕೆಳಗಿನ ಪೆಟ್ಟಿಗೆ ತೆಗೆದ. ಸಿಲಿಂಡರ್ ಇತ್ತು, ಹಸಿರು ಬಣ್ಣ, ಕತ್ತಿನಲ್ಲಿ ತುಕ್ಕು. ಮಾಸ್ಕ್ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ಒಡೆದಿರಲಿಲ್ಲ. ವಾಲ್ವ್ ತಿರುಗಿಸುವ ಕೀ ಇರಲಿಲ್ಲ. ಸ್ಪ್ಯಾನರ್ ಹಾಕಿ ಒದ್ದಾಡಿದ, ಇಕ್ಕಳ ಹಾಕಿದ. ಕೊನೆಗೆ ವಾಲ್ವ್ ಒಂದಿಷ್ಟು ಸಡಿಲವಾದಾಗ ಮಾಪಕದ ಮುಳ್ಳು ಸೊನ್ನೆಯಿಂದ ಕದಲಲಿಲ್ಲ. "ಇದು ತಪಾಸಣೆಯವರಿಗೆ ತೋರಿಸಲಿಕ್ಕೆ" ಅಂದ, ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. ಆ ಗಾಳಿಯಲ್ಲಿ ದೋಣಿ ಬಿಡುವುದಿಲ್ಲ ಅಂತಲೂ ಹೇಳಿದ. ಅದರಲ್ಲಿ ತಪ್ಪೇನಿಲ್ಲ, ಕತ್ತಲೆಯಲ್ಲಿ ಟಿಟಿಕಾಕಾದ ಅಲೆಗಳ ಮೇಲೆ ಹೋಗುವುದು ಇನ್ನೊಂದು ಅನಾಹುತ.

ಬೆಳಗಿನವರೆಗೆ ಮನೆಯಾಕೆ ಮಲಗಲಿಲ್ಲ. ಗೆಳತಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಬೆನ್ನಿಗೆ ಅಕ್ಕಿಯ ಚೀಲ ಕೊಟ್ಟು, ಕಂಬಳಿಗಳನ್ನೆಲ್ಲ ತಂದು ಹೊದಿಸಿದಳು. ಬೆಳಗಾಗುತ್ತಲೇ ಅಳಿಯನ ಪರಿಚಯದವರ ಸಣ್ಣ ದೋಣಿಯಲ್ಲಿ ಕಪಚೀಕಾ ಪರ್ಯಾಯದ್ವೀಪದ ಯಾಚೋನ್‌ಗೆ ದಾಟಿದೆವು. ಅಮಂತಾನಿಗೆ ಹತ್ತಿರದ ದಡ ಅದು, ಪುನೋ ಅಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಅಲ್ಲಿಂದ ರಸ್ತೆಯಿದೆ. ಕಾರು ಹಿಡಿದು ಪುನೋದ ಕ್ಲಿನಿಕ್ಕು, ಆಕ್ಸಿಜನ್, ಡಾಕ್ಟರು ಹೇಳಿದ ಮೇಲೆ ಅರೆಕಿಪಾಗೆ ಇಳಿದೆವು. ಅರೆಕಿಪಾ ಪೆರುವಿನದೇ ಇನ್ನೊಂದು ಊರು, ಎತ್ತರ 2,300 ಮೀಟರ್ ಆಸುಪಾಸು. ಅಲ್ಲಿ ಅವಳು ತಾನಾಗಿ ಊಟ ಕೇಳಿದಳು.

ನಾವು ಹೊರಡುವಾಗ ನಡೆದ ಒಂದು ಘಟನೆ ಮಾತ್ರ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಗೈಡ್ ಬಂದು, ಕೇಕಿನ ವಿಷಯ ಕೇಳಿದ್ದೇ ತಡ, ಮನೆಯಾಕೆಯ ಕಡೆ ಕೈತೋರಿಸಿ "ಈಕೆ ಮರೆತಿರಬೇಕು" ಅಂದುಬಿಟ್ಟ. ಆಕೆಯ ಎದುರಿಗೇ. ಇಡೀ ರಾತ್ರಿ ಎಚ್ಚರವಿದ್ದ ಹೆಂಗಸು. ಸರದಿ ಪಟ್ಟಿಯಿಂದ ಹೆಸರು ಹೋದೀತೆಂಬ ಭಯಕ್ಕೋ ಏನೋ ಆಕೆ ಬಾಯಿ ತೆರೆಯಲಿಲ್ಲ. ಆದ್ದರಿಂದ ನೀವೂ ಇಂಥದ್ದಕ್ಕೆ ಸಿಕ್ಕಿಕೊಂಡರೆ ರಿವ್ಯೂ ಬರೆಯುವಾಗ ದಯವಿಟ್ಟು ಮನೆಯವರನ್ನು ದೂರಬೇಡಿ. ಮಾರಿದವನು ಬೇರೆ, ಉಣಿಸಿದವರು ಬೇರೆ.

ದುಡ್ಡು ವಾಪಸ್ ಕೇಳಲು ಅರೆಕಿಪಾದಿಂದ ಮತ್ತೆ ಪುನೋಗೆ ಹೋದೆ. ಏಜೆನ್ಸಿಯಲ್ಲಿ ಮೊದಲು ನಕ್ಕರು, ಆಮೇಲೆ ಇಂಗ್ಲಿಷ್ ಬರುವುದಿಲ್ಲ ಅಂದರು. ಕೆಲಸಕ್ಕೆ ಬಂದದ್ದು ಒಂದೇ ಮಾತು: "ಲಿಬ್ರೋ ದೆ ರೆಕ್ಲಮಸಿಯೋನೆಸ್ ಕೊಡಿ." ಅಂದರೆ ದೂರು ಪುಸ್ತಕ. ಪೆರುವಿನಲ್ಲಿ ಗ್ರಾಹಕರೊಂದಿಗೆ ವ್ಯವಹರಿಸುವ ಅಂಗಡಿ, ಹೋಟೆಲ್, ಏಜೆನ್ಸಿ ಎಲ್ಲರೂ ಇದನ್ನು ಇಟ್ಟಿರಲೇಬೇಕು, ಕಾನೂನಿದೆ. ಕೇಳಿದವರಿಗೆ ಕೊಡದಿದ್ದರೆ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆ ಇಂಡೆಕೋಪಿ ದಂಡ ಹಾಕಬಹುದು. ಪ್ರವಾಸಿಗರಿಗೆ ಉಚಿತವಾಗಿ ಸಹಾಯ ಮಾಡುವ ಐಪೆರು ಕಚೇರಿ ಪುನೋದ ಮುಖ್ಯ ಚೌಕ ಪ್ಲಾಸಾ ದೆ ಆರ್ಮಾಸ್‌ನಲ್ಲೇ ಇದೆ, ಮೊದಲು ಅಲ್ಲಿಗೆ ಹೋಗಿ ಮಾತಾಡಿಕೊಂಡು ಹೋದರೆ ಧೈರ್ಯ ಬರುತ್ತದೆ. ಪುಸ್ತಕದ ಹೆಸರೆತ್ತಿದ ಮೇಲೆ ಅವರಿಗೆ ಇಂಗ್ಲಿಷ್ ಬಂತು. ಬರ್ತ್‌ಡೇಗೆಂದು ಪಡೆದ ಹೆಚ್ಚುವರಿ ಹಣ ಮರಳಿ ಸಿಕ್ಕಿತು. ಟೂರಿನ ಹಣ ಸಿಗಲಿಲ್ಲ. ರಸೀದಿಯಲ್ಲಿ 'ಎಲ್ಲ ಸೇರಿದೆ' ಅಂತಷ್ಟೇ ಇತ್ತು; ಆಕ್ಸಿಜನ್, ಕೇಕು, ಬಿಸಿನೀರು ಯಾವುದೂ ಬರವಣಿಗೆಯಲ್ಲಿ ಇರಲಿಲ್ಲ. ನೀವು ಬರೆಸಿಕೊಳ್ಳಿ.

ಹೋಗುವವರಿಗೆ ಹೇಳುವುದಿಷ್ಟು. ಲೀಮಾದಿಂದ ನೇರ ಹಾರಬೇಡಿ. ಬಸ್ಸಿನಲ್ಲಿ ಅರೆಕಿಪಾಗೆ ಬಂದು ಒಂದೆರಡು ರಾತ್ರಿ ಕಳೆದು ಪುನೋಗೆ ಹತ್ತಿ. ಪುನೋದಲ್ಲಿ ತಲೆನೋವು ಪೂರ್ತಿ ಹೋಗುವವರೆಗೆ ದ್ವೀಪಕ್ಕೆ ಹೊರಡಬೇಡಿ, ಹುಟ್ಟುಹಬ್ಬ ಮೀರಿದರೂ ಸರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಅನ್ನುವುದು ವೈದ್ಯರ ನಿಯಮ. ಅರೆಕಿಪಾದಿಂದ ಪುನೋಗೆ ಬಂದರೂ ಆ ಮಿತಿ ಮೀರುತ್ತದೆ, ಅದಕ್ಕೇ ಪುನೋದಲ್ಲಿ ಕಾಯಿರಿ ಅಂದದ್ದು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಮಾಕ್ಸ್ ಮಾತ್ರೆ ಬೇಕೋ ಬೇಡವೋ ಊರಿನಲ್ಲೇ ಡಾಕ್ಟರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಡ್ರಾಯರಿನಲ್ಲಿ ಬಿದ್ದಿದ್ದರೆ ಎತ್ತಿಕೊಂಡು ಹೋಗಿ. ದೋಣಿ ಹತ್ತುವ ಮುಂಚೆ ಸಿಲಿಂಡರ್ ತೆಗೆಸಿ ಮುಳ್ಳು ನೋಡಿ, ಸಂಕೋಚ ಬೇಡ. ಕೋಕಾ ಚಹಾ ಅಲ್ಲಿ ಧಾರಾಳವಾಗಿ ಕುಡಿಯಿರಿ, ಆದರೆ ಅದು ಔಷಧಿ ಅಂತ ನಂಬಬೇಡಿ. ಅದರ ಎಲೆಯಾಗಲಿ ಟೀ ಬ್ಯಾಗ್ ಆಗಲಿ ಬ್ಯಾಗಿನಲ್ಲಿ ಹಾಕಿಕೊಂಡು ಭಾರತಕ್ಕೆ ತರಬೇಡಿ, ಮಾದಕವಸ್ತು ಕಾಯ್ದೆಯಡಿ ಸಿಕ್ಕಿಬೀಳುತ್ತೀರಿ.

ಏಜೆನ್ಸಿಯೇ ಬೇಡ ಅನ್ನುವವರು ಪುನೋದ ಬಂದರಿನಿಂದ ಬೆಳಿಗ್ಗೆ ಹೊರಡುವ ದ್ವೀಪದವರದೇ ದೋಣಿಗೆ ಟಿಕೆಟ್ ತೆಗೆದುಕೊಂಡು ಹೋಗಬಹುದು, ಮನೆಯ ಬಾಡಿಗೆ ಮತ್ತು ಊಟದ ಹಣ ಮನೆಯಾಕೆಯ ಕೈಗೇ ಕೊಡಬಹುದು. ಸೋಲ್‌ನಲ್ಲಿ, ಅಂದರೆ ಪೆರುವಿನ ಹಣದಲ್ಲಿ, ಚಿಲ್ಲರೆಯಾಗಿ ಇಟ್ಟುಕೊಳ್ಳಿ. ದೊಡ್ಡ ನೋಟು ಮುರಿಸಲು ದ್ವೀಪದಲ್ಲಿ ಆಗುವುದಿಲ್ಲ. ಕೈಬೀಸಿಕೊಂಡು ಹೋಗದೆ ಅಕ್ಕಿ, ಅಡುಗೆ ಎಣ್ಣೆ, ಸಕ್ಕರೆ, ಹಣ್ಣು ಏನಾದರೂ ಒಯ್ಯಿರಿ. ಆ ಎತ್ತರದಲ್ಲಿ ಹಣ್ಣು ಬೆಳೆಯುವುದು ಕಷ್ಟ, ಕಿತ್ತಳೆ ಕಂಡರೆ ಮಕ್ಕಳು ಓಡಿ ಬರುತ್ತಾರೆ. ಕೇಕು ಬೇಕೇ ಬೇಕು ಅನ್ನಿಸಿದರೆ ಪುನೋದ ಬೇಕರಿಯಲ್ಲಿ ಕೊಂಡು, ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಕೂತುಕೊಳ್ಳಿ.