ಹಳೆಯ ಸ್ವಿಫ್ಟ್ ಡೀಸೆಲ್: ಬೆಂಗಳೂರಿನ ದಿನನಿತ್ಯದ ಓಡಾಟಕ್ಕೆ ಹೇಗೆ?

ದಿನಕ್ಕೆ 40 ಕಿಲೋಮೀಟರಿಗಿಂತ ಹೆಚ್ಚು ಓಡಿಸುವವರಿಗೆ 2012–17ರ ಸ್ವಿಫ್ಟ್ ಡೀಸೆಲ್ ಈಗಲೂ ಒಳ್ಳೆಯ ಆಯ್ಕೆ. 1248 ಸಿಸಿ ಎಂಜಿನ್, 190 ಎನ್‌ಎಂ ಟಾರ್ಕ್ (ಎಳೆಯುವ ಬಲ), ಬಿಡಿಭಾಗಕ್ಕೆ ಜೆ.ಸಿ. ರಸ್ತೆಯಿದೆ. ಆದರೆ 2000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಮುಟ್ಟುವವರೆಗೆ ಎಳೆತ ಕಡಿಮೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಪದೇ ಪದೇ ಗೇರ್ ಇಳಿಸಬೇಕು, ಕ್ಲಚ್ ಬೇಗ ಸವೆಯುತ್ತದೆ.

ಗಾಡಿ ನೋಡಲು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಗಲಗಲ ಸದ್ದು ಬಂದರೆ ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ಸಡಿಲಿಸಿ: ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು, ಬೆಲೆ ಎಷ್ಟೇ ಇಳಿಸಿದರೂ ಬೇಡವೇ ಬೇಡ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ (ಸಾಲ ತೀರಿದೆ, ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ಕೈಗೆ ಬರುವವರೆಗೂ ಮುಂಗಡ ಕೊಡಬೇಡಿ.